ಟವೆಲ್ ಕೆಳಗಿನ ಕೈ

ಕೈ ಕೆಸರಾದರೆ ಬಾಯಿ ಮೊಸರು ಎಂದು ಗಾದೆ ಕಟ್ಟಿದವರು, ಆ ಕೈಯೂ ಆ ಬಾಯಿಯೂ ಒಬ್ಬರದೇ ಆಗಿರಬೇಕೆಂದು ಷರತ್ತು ಹಾಕುವುದನ್ನು ಮರೆತುಬಿಟ್ಟರು. ಹಾಲಕ್ಕನ ಮನೆಯಲ್ಲಿ ಕೈ ಹಾಲಕ್ಕನದು, ಬಾಯಿ ಮೇನೇಜರದು. ಸಂಸಾರ ಅದರಿಂದಲೇ ಸಾಂಗವಾಗಿ ನಡೆದಿತ್ತು ಅನ್ನಿ.

ಮೇನೇಜರ್ ಎಂದರೆ ಹಾಲಕ್ಕನ ಗಂಡ. ಯಾವ ಆಫೀಸಿನ ಮೇನೇಜರ್ ಎಂದು ಹೊಸಬರು ಕೇಳಿದರೆ ಬೀದಿಯವರು ಆಕಾಶ ನೋಡುತ್ತಿದ್ದರು. ವಯಸ್ಸಿನಲ್ಲಿದ್ದಾಗ ಅವರು ಟಾಕೀಸಿನ ಸೈಕಲ್ ಸ್ಟ್ಯಾಂಡಿನಲ್ಲಿ ಚೀಟಿ ಹರಿದುಕೊಡುವ ಕೆಲಸದಲ್ಲಿದ್ದರು. ಮಧ್ಯಾಹ್ನ ಮಾಲೀಕ ಊಟಕ್ಕೆ ಹೋದಾಗ ಇಡೀ ಸ್ಟ್ಯಾಂಡು ಇವರ ಸುಪರ್ದಿಗೆ ಬರುತ್ತಿತ್ತು. ಆ ಒಂದು ಊಟದ ಹೊತ್ತಿನ ಅಧಿಕಾರ ಮೈಗೆ ಹತ್ತಿದ್ದು ಮತ್ತೆ ಇಳಿಯಲಿಲ್ಲ. ಟಾಕೀಸು ಮುಚ್ಚಿತು, ಜನ ಸೈಕಲ್ ಬಿಟ್ಟು ಬೈಕು ಹತ್ತಿದರು, ಮೇನೇಜರ್ ಮಾತ್ರ ಮೇನೇಜರಾಗಿಯೇ ಉಳಿದರು. ಆಮೇಲೆ ಸಿಕ್ಕಿದ ಕೆಲಸಗಳೆಲ್ಲ ಅವರ ಯೋಗ್ಯತೆಗೆ ಸಾಲದೆ ಹೋದವು. ಅವರ ಯೋಗ್ಯತೆ ಕೆಲಸಗಳಿಗೆ ಸಾಲಲಿಲ್ಲ ಎನ್ನುವ ಕೊಂಕು ಮಾತೂ ಬೀದಿಯಲ್ಲಿತ್ತು. ನಾನು ಆ ವಿವಾದಕ್ಕೆ ಹೋಗುವುದಿಲ್ಲ.

ಮನೆಗೆ ಅನ್ನ ತಂದದ್ದು ಒಂದು ಕಡಸು. ಅದೂ ಸ್ವಂತದ್ದಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಹಾಲಕ್ಕ ಪಕ್ಕದ ತೋಟದವರ ಎಳೆ ಕರುವೊಂದನ್ನು ಪಾಲಿಗೆ ಸಾಕಲು ತಂದಳು. ಪಾಲಿಗೆ ಎಂದರೆ, ಹುಲ್ಲು ನೀರು ಸೇವೆ ಇವಳದು. ಬೆಳೆದು ಈದ ಮೇಲೆ ಹಸು ಮೊದಲ ಕರುವಿನ ಸಮೇತ ಮಾಲೀಕರ ಹಟ್ಟಿಗೆ ವಾಪಸ್ಸು, ಮುಂದಿನ ಸಲ ಹುಟ್ಟುವ ಕರು ಸಾಕಿದವಳಿಗೆ. ಅಷ್ಟು ದಿನ ಯಾರು ಕಾಯುತ್ತಾರೆ? ಹಾಲಕ್ಕ ಕಾದಳು. ಹೀಗೆ ಕಾದು ಪಡೆದ ಕರುವಿನ ವಂಶವೇ ಈಗ ಕೊಟ್ಟಿಗೆಯಲ್ಲಿರುವುದು. ತಾಯಿಗೆ ದೊಡ್ಡವಳು ಎಂದು ಹೆಸರು, ಮಗಳಿಗೆ ಚಿಕ್ಕವಳು. ಹೆಸರಿಡುವ ವಿಷಯದಲ್ಲಿ ಮೇನೇಜರು ಬಹಳ ಭವ್ಯವಾದ ಸಲಹೆಗಳನ್ನು ಕೊಟ್ಟಿದ್ದರು. ಹಸುಗಳು ಒಪ್ಪಲಿಲ್ಲ.

ಕೊಟ್ಟಿಗೆ ಅಡುಗೆಮನೆಗೆ ಅಂಟಿಕೊಂಡಿತ್ತು. ತಗಡಿನ ಸೂರು, ಗೋಡೆಯುದ್ದಕ್ಕೂ ಸಿಮೆಂಟಿನ ಗೋದಲಿ, ನೆಲದಲ್ಲಿ ಗಂಜಲ ಹರಿದುಹೋಗಲು ಒಂದು ಕಾಲುವೆ, ಮೂಲೆಯಲ್ಲಿ ಹಿಂಡಿ ನೆನೆಹಾಕುವ ನೀಲಿ ಡ್ರಮ್ಮು. ಹಾಲಕ್ಕ ನಸುಕಿಗೇ ಎದ್ದು ಸಗಣಿ ಬಾಚಿ, ನೆಲ ತೊಳೆದು, ಬೂಸಾ ಕಲಸಿ, ಕೆಚ್ಚಲು ತೊಳೆದು, ಮೊಣಕಾಲುಗಳ ನಡುವೆ ಬಕೆಟ್ಟು ಇಟ್ಟುಕೊಂಡು ಕೂರುತ್ತಿದ್ದಳು. ಆ ಕೆಲಸವೆಲ್ಲ ಮುಗಿದ ಮೇಲೆ ಮೇನೇಜರ ಕಾರ್ಯಕ್ರಮ ಶುರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕ್ಯಾನನ್ನು ಸೈಕಲ್ಲಿಗೆ ಕಟ್ಟಿಕೊಂಡು, ಹಾಲಿನ ಕೇಂದ್ರಕ್ಕೆ ಹೋಗಿ ಸರದಿಯಲ್ಲಿ ನಿಲ್ಲುವುದು. “ನಮ್ಮ ಡೇರಿದು ಇವತ್ತು ಫ್ಯಾಟ್ ಎಷ್ಟು ಬಂತು ನೋಡಿ ಸ್ವಾಮಿ” ಎಂದು ಕೇಂದ್ರದ ಸೆಕ್ರೆಟರಿಯನ್ನು ಕೇಳುತ್ತಿದ್ದರು. ಎರಡು ಹಸುವಿನ ಡೇರಿಯ ಯಜಮಾನರನ್ನು ಸೆಕ್ರೆಟರಿ ಕನ್ನಡಕದ ಮೇಲಿಂದ ನೋಡುತ್ತಿದ್ದ. ಅವನೂ ಕಡಿಮೆಯವನಲ್ಲ, ಹಾಲು ಅಳೆಯುವ ಲೋಟವನ್ನು ರಾಜದಂಡದ ಹಾಗೆ ಹಿಡಿದಿರುತ್ತಿದ್ದ.

ನಗುವುದಕ್ಕೆ ಇಷ್ಟೆಲ್ಲ ಇದ್ದರೂ ಆ ಕ್ಯಾನಿನ ಭಾರ ನಗುವಂಥದ್ದಲ್ಲ. ಮನೆಯ ಮಗಳು ದೂರದ ಪಟ್ಟಣದ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ಅವಳ ಫೀಸು, ಊಟ, ಬಿಳೀ ಸಮವಸ್ತ್ರ, ಕಾಲಿನ ಬೂಟು, ಎಲ್ಲವೂ ಈ ಎರಡು ಕೆಚ್ಚಲುಗಳಿಂದ ಇಳಿದು ಬಂದದ್ದು. ಈಗ ಕೊನೆಯ ವರ್ಷ. ಇದೊಂದು ದಾಟಿದರೆ ಮಗಳಿಗೆ ತಿಂಗಳಾದರೆ ಕೈಗೆ ಬರುವ ಸಂಬಳ, ಹಾಲಕ್ಕನಿಗೆ ಬೆಳಗಿನ ಹೊತ್ತು ಸ್ವಲ್ಪ ನಿದ್ದೆ.

ಅಷ್ಟರಲ್ಲಿ ಹಾಲಕ್ಕನ ಬಲಗೈ ಕೈಕೊಡಲು ಶುರುಮಾಡಿತು.

ಮೊದಲು ಜೋಮು. ಕೈ ಕೊಡವಿದರೆ ಹೋಗುತ್ತಿತ್ತು. ಆಮೇಲೆ ಕೊಡವಿದರೂ ಹೋಗಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರೂ ಬೇರೆ ಯಾರದೋ ಕೈಯಿಂದ ತಂದು ಅಂಟಿಸಿದ ಹಾಗೆ ಮರಗಟ್ಟಿದವು. ಕಿರುಬೆರಳಿಗೆ ಮಾತ್ರ ಪೂರ್ತಿ ಸ್ಪರ್ಶವಿತ್ತು, ಅದರ ಪಕ್ಕದ್ದಕ್ಕೆ ಅರೆಬರೆ. ಒಂದು ದಿನ ಚಹಾದ ಗಾಜಿನ ಲೋಟ ಜಾರಿ ಬಿತ್ತು.

“ಏನೇ, ಕೈಯಲ್ಲಿ ಬಲ ಇಲ್ವಾ?” ಎಂದರು ಮೇನೇಜರು.

“ಲೋಟ ಜಾರ್ತು ರೀ.”

“ಲೋಟ ಜಾರಲ್ಲ ಕಣೇ, ಗಮನ ಜಾರುತ್ತೆ. ನಾನು ಇಷ್ಟು ವರ್ಷ ಕ್ಯಾನು ಸಾಗಿಸಿದ್ದೀನಿ, ಒಂದು ತೊಟ್ಟು ಚೆಲ್ಲಿದ್ದೀನಾ?”

ಹಾಲಕ್ಕ ಚೂರುಗಳನ್ನು ಎಡಗೈಯಲ್ಲಿ ಆಯ್ದಳು. ಹೇಳಲಿಲ್ಲ. ಹೇಳಿದರೆ ಮೇನೇಜರ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಅವರು ಮಗಳಿಗೆ ಫೋನ್ ಮಾಡುತ್ತಾರೆ, ಮಗಳು ಪುಸ್ತಕ ಮುಚ್ಚಿಟ್ಟು ಬಸ್ಸು ಹತ್ತುತ್ತಾಳೆ. ಆ ಹುಡುಗಿಯನ್ನು ಅವಳು ಬಲ್ಲಳು. ಆದ್ದರಿಂದ ಹಾಲಕ್ಕ ತನ್ನ ಕೈಯನ್ನು ತಾನೇ ಕದ್ದಿಟ್ಟಳು. ಹೆಬ್ಬೆರಳು ಮಡಚಿ ಗೆಣ್ಣಿನಿಂದ ಒತ್ತಿ ಹಾಲು ಹಿಂಡುವುದನ್ನು ರೂಢಿಸಿಕೊಂಡಳು. ಕೆಚ್ಚಲಿಗೆ ಬಾವು ಬರುವ ಮುಂಚೆ ಅದು ಬಿಸಿಯಾಗುತ್ತದೆ. ಆ ಬಿಸಿ ಮೊದಲು ತಿಳಿಯುವುದು ಬೆರಳಿಗೆ. ಬೆರಳು ಹೇಳುವುದನ್ನು ಬಿಟ್ಟ ಮೇಲೆ ಅವಳು ಹಾಲು ಕರೆಯುವ ಮುಂಚೆ ಬಗ್ಗಿ ತನ್ನ ಕೆನ್ನೆಯನ್ನು ಕೆಚ್ಚಲಿಗೆ ಒತ್ತಿ ನೋಡತೊಡಗಿದಳು.

“ಮುದ್ದು ಮಾಡಿದ್ದು ಸಾಕು, ಕೇಂದ್ರ ಮುಚ್ಚುತ್ತೆ” ಎಂದು ಮೇನೇಜರು ಬಾಗಿಲಿನಲ್ಲಿ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದರು.

ಎರಡು ಹಸು ಕರೆಯುವುದು ಇನ್ನು ತನ್ನಿಂದಾಗದು ಎಂಬುದು ಹಾಲಕ್ಕನಿಗೆ ನಿಧಾನವಾಗಿ ಖಚಿತವಾಯಿತು. ಚಿಕ್ಕವಳದು ಗಟ್ಟಿ ಮೊಲೆ, ಹಿಂಡಲು ಬಲ ಬೇಕು. ಆದರೆ ಹಾಲು ಜಾಸ್ತಿ, ವಯಸ್ಸು ಕಡಿಮೆ, ಒಳ್ಳೆಯ ಬೆಲೆ ಬರುತ್ತದೆ. ಅವಳನ್ನು ಮಾರಿದರೆ ಕೊನೆಯ ವರ್ಷದ ಫೀಸು ಒಂದೇ ಸಲಕ್ಕೆ ಕಟ್ಟಬಹುದು. ದೊಡ್ಡವಳೊಬ್ಬಳನ್ನು ಹೇಗೋ ನಿಭಾಯಿಸಿದರೆ ಮಗಳ ಪರೀಕ್ಷೆಯವರೆಗೆ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ.

“ಚಿಕ್ಕವಳನ್ನ ಕೊಟ್ಟುಬಿಡೋಣ ರೀ” ಎಂದಳು.

ಮೇನೇಜರು ಓದುತ್ತಿದ್ದ ಪೇಪರನ್ನು ಮಡಚಿ ತೊಡೆಯ ಮೇಲಿಟ್ಟರು. “ಏನು ಮಾತು ಅಂತ ಆಡ್ತೀಯ? ಡೇರಿ ಅರ್ಧಕ್ಕೆ ಇಳಿಯುತ್ತೆ. ನಾಳೆ ಸೆಕ್ರೆಟರಿ ಮುಖ ನೋಡೋನು ನಾನು.”

“ಹಿಂಡಿ ರೇಟು ಏರಿದೆ. ಸೆಕ್ರೆಟರಿ ಮುಖ ತಿಂದು ಹಸು ಹಾಲು ಕೊಡುತ್ತಾ?”

ಮೇನೇಜರು ಒಂದು ದಿನ ಮುನಿಸಿಕೊಂಡರು. ಆಮೇಲೆ, ಇದು ತಮ್ಮದೇ ತೀರ್ಮಾನವೆಂಬಂತೆ, “ಸ್ವಲ್ಪ ಕಡಿಮೆ ಮಾಡ್ತಿದ್ದೀವಿ” ಎಂದು ಬೀದಿಯಲ್ಲಿ ಪ್ರಕಟಿಸಿದರು.

ದನದ ದಲ್ಲಾಳಿ ಬಂದ. ಎಷ್ಟೋ ವರ್ಷದ ಪರಿಚಯ. ಇವಳು ಅವನನ್ನು ಅಣ್ಣ ಅನ್ನುವಳು, ಅವನು ಇವಳನ್ನು ಅಕ್ಕ ಅನ್ನುವನು. ಇಬ್ಬರಲ್ಲಿ ದೊಡ್ಡವರು ಯಾರೆಂಬುದು ಯಾವ ವ್ಯಾಪಾರದಲ್ಲೂ ಇತ್ಯರ್ಥವಾಗಿರಲಿಲ್ಲ. ಅವನ ಹೆಗಲ ಮೇಲೆ ಒಂದು ದಪ್ಪ ಟವೆಲ್ಲು. ಬೆವರು ಒರೆಸುವುದಕ್ಕಲ್ಲ, ಅದೇ ಅವನ ಅಂಗಡಿ. ದನದ ಬೆಲೆಯನ್ನು ಬಾಯಲ್ಲಿ ಹೇಳುವ ಪದ್ಧತಿಯಿಲ್ಲ. ಕೊಳ್ಳುವವನೂ ಮಾರುವವನೂ ಟವೆಲ್ಲಿನ ಕೆಳಗೆ ಕೈಗೆ ಕೈ ಸೇರಿಸುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಪೂರ್ತಿ ಹಿಡಿದರೆ ಐದು. ಏನು ಐದು ಎಂದು ಯಾರೂ ಕೇಳುವುದಿಲ್ಲ, ಅದು ಹಸುವಿನ ಮುಖ ನೋಡಿದರೇ ತಿಳಿಯುತ್ತದೆ. ನೋಡಲು ನೆರೆದವರಿಗೆ ಎರಡು ಮುಖಗಳು ಕಾಣುತ್ತವೆ, ನಡುವೆ ಅಲುಗಾಡುವ ಬಟ್ಟೆಯೊಂದು ಕಾಣುತ್ತದೆ, ಬೆಲೆ ಮಾತ್ರ ಕಾಣುವುದಿಲ್ಲ.

ಹಿಂದೆ ಒಮ್ಮೆ, ಯಜಮಾನರು ತಾವೆಂದು ಮೇನೇಜರು ಟವೆಲ್ಲಿನೊಳಗೆ ಕೈ ಹಾಕಿದ್ದುಂಟು. ಗಾಂಭೀರ್ಯ ಕೆಡಬಾರದೆಂದು ಹಿಡಿದದ್ದಕ್ಕೆಲ್ಲ ತಲೆಯಾಡಿಸಿ, ಎತ್ತಿನಂಥ ಹೋರಿಕರುವನ್ನು ಆಡಿನ ಬೆಲೆಗೆ ಕೊಟ್ಟುಬಂದಿದ್ದರು. ಆವತ್ತಿನಿಂದ ಟವೆಲ್ಲಿನೊಳಗೆ ಹೋಗುವುದು ಹಾಲಕ್ಕನ ಕೈ. “ಹಾಲಕ್ಕನ ಬೆರಳಿಗೆ ಕಿವಿ ಇದೆ” ಎಂದು ದಲ್ಲಾಳಿಯೇ ಹತ್ತೂರಲ್ಲಿ ಹೇಳಿಕೊಂಡು ತಿರುಗಿದ್ದ. ಬಲಗೈಯನ್ನೇ ಕೊಡಬೇಕು, ಎಡಗೈ ಕೊಟ್ಟರೆ ಯಾಕೆಂಬ ಪ್ರಶ್ನೆ ಬರುತ್ತದೆ. ಆ ದಿನ ಅವಳು ಬೆಳಗಿನಿಂದ ಕೈಯನ್ನು ಬಿಸಿನೀರಿನಲ್ಲಿ ಅದ್ದಿಟ್ಟುಕೊಂಡಿದ್ದಳಂತೆ, ಒಂದಿಷ್ಟಾದರೂ ಜೀವ ಬರಲೆಂದು.

ದಲ್ಲಾಳಿ ಚಿಕ್ಕವಳ ಹಲ್ಲು ನೋಡಿದ, ಬೆನ್ನು ಸವರಿದ, ಕೆಚ್ಚಲು ಮುಟ್ಟಿದ. ಬಾಲ ಹಿಡಿದು ನೋಡುವಾಗ ಚಿಕ್ಕವಳು ಅವನ ಅಂಗಿಗೆ ತನ್ನ ಅಭಿಪ್ರಾಯ ತಿಳಿಸಿದಳು. ನೆರೆದವರು ನಕ್ಕರು. ಅವನೂ ನಕ್ಕು, ಟವೆಲ್ಲು ಹಾಸಿ ಕೈ ಒಳಗೆ ಹಾಕಿದ.

ಹಾಲಕ್ಕನ ಮುಖ ಗಂಟಿಕ್ಕಿತು.

“ಏನಣ್ಣ, ಕುರಿಮರಿ ಕೇಳೋಕೆ ಬಂದ್ಯಾ?”

ದಲ್ಲಾಳಿ ಕಣ್ಣು ಪಿಳುಕಿಸಿದ. “ಅಕ್ಕ, ಸರಿಯಾಗಿ ನೋಡು” ಎಂದು ಮತ್ತೆ ಹಿಡಿದ, ಇನ್ನೂ ಬಿಗಿಯಾಗಿ.

“ಮತ್ತೆ ಅದೇ! ಒಂದರ ಮೇಲೆ ಬರೋಲ್ವಲ್ಲ ನೀನು. ನಾಚಿಕೆ ಆಗಲ್ವಾ?”

ಒಂದು ಎಂದು ಬಾಯಿಬಿಟ್ಟು ಹೇಳಿದ್ದೇ ತಪ್ಪು. ವ್ಯಾಪಾರದ ಮರ್ಯಾದೆ ಅಲ್ಲಿಗೇ ಮುರಿಯಿತು. ಜನರಲ್ಲಿ ಗುಜುಗುಜು ಎದ್ದಿತು. ಮೇನೇಜರು ಅಂಗಿಯ ಕಾಲರು ಸರಿಮಾಡಿಕೊಂಡು ಮುಂದೆ ಬಂದರು. “ನೋಡಪ್ಪಾ, ನಮ್ಮ ಡೇರಿ ಹಸು ಅಂದ್ರೆ ಕೇಂದ್ರದಲ್ಲಿ ಹೆಸರಿದೆ. ನಿನಗೆ ಬೇಡದಿದ್ರೆ ಬೇರೆಯವರು ಇದ್ದಾರೆ.”

ದಲ್ಲಾಳಿ ಅವರತ್ತ ತಿರುಗಲೇ ಇಲ್ಲ. ಅವನು ಹಾಲಕ್ಕನನ್ನೇ ನೋಡುತ್ತಿದ್ದ.

“ಇಷ್ಟು ವರ್ಷ ಆದ ಮೇಲೆ ನನಗೂ ಮೋಸ ಮಾಡ್ತೀಯೇನಣ್ಣ?” ಎಂದಳು ಹಾಲಕ್ಕ. ಬೆಲೆ ಹೋಯಿತೆಂದರೆ ಫೀಸು ಹೋಯಿತು, ಫೀಸು ಹೋಯಿತೆಂದರೆ ಎಲ್ಲ ಹೋಯಿತು.

ಅವನು ಹಿಡಿದಿದ್ದದ್ದು ಐದೂ ಬೆರಳುಗಳನ್ನು. ಬಾಯಿಬಿಟ್ಟು ಹಾಗೆ ಹೇಳಿ ತನ್ನ ಮಾನ ಉಳಿಸಿಕೊಳ್ಳಬಹುದಿತ್ತು. ಹೇಳಲಿಲ್ಲ. ಟವೆಲ್ಲಿನ ಕೆಳಗೆ ಅವನ ಕೈ ಸದ್ದಿಲ್ಲದೆ ಸರಿಯಿತು. ಈಗ ಅವನು ಅವಳ ಹೆಬ್ಬೆರಳನ್ನೂ ಅದರ ಪಕ್ಕದ ಎರಡು ಬೆರಳನ್ನೂ ಮಾತ್ರ ಹಿಡಿದು, ಉಗುರು ನಾಟುವಷ್ಟು ಅದುಮಿದ.

ಹಾಲಕ್ಕ ಅವನ ಮುಖ ನೋಡುತ್ತ ಕಾದಳು.

“ಯಾಕೆ ಸುಮ್ನೆ ನಿಂತೆ? ಹಿಡಿ.”

“ಹಿಡಿದಿದ್ದೀನಕ್ಕ” ಎಂದ ದಲ್ಲಾಳಿ.

“ಎಲ್ಲಿ?” ಎಂದಳು ಹಾಲಕ್ಕ. ಎಂದವಳೇ ಎಡಗೈಯಿಂದ ಟವೆಲ್ಲನ್ನು ಎತ್ತಿ ನೋಡಿದಳು.

ಟವೆಲ್ಲು ಎತ್ತಿ ನೋಡುವುದನ್ನು ಅಲ್ಲಿ ನಿಂತಿದ್ದ ಯಾರೂ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಎಲ್ಲರ ಕಣ್ಣೂ ಅಲ್ಲಿಗೇ ಹೋಯಿತು. ದಲ್ಲಾಳಿಯ ಮುಷ್ಟಿಯೊಳಗೆ ಅವಳ ಮೂರು ಬೆರಳುಗಳು ಸಿಕ್ಕಿಕೊಂಡು ಬಿಳಿಚಿಕೊಂಡಿದ್ದವು. ಹೆಬ್ಬೆರಳಿನ ಬುಡದ ಮಾಂಸ ಕರಗಿ ಗುಳಿ ಬಿದ್ದಿತ್ತು. ಉಗುರು ನಾಟಿದಲ್ಲಿ ಒಂದು ಹನಿ ರಕ್ತ ಕೂತಿತ್ತು. ಹಾಲಕ್ಕ ಅದನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ಈ ಹುಣ್ಣಿಗೆ ಇಡೀ ಬೀದಿಯೇ ಕನ್ನಡಿಯಾಗಿ ನಿಲ್ಲಬೇಕಾಯಿತು.

“ಮಗಳಿಗೆ ಹೇಳ್ಬೇಡಿ” ಎಂದಳು ಹಾಲಕ್ಕ. ಯಾರಿಗೆಂದು ಹೇಳಲಿಲ್ಲ. ಎಲ್ಲರಿಗೂ ಹೇಳಿದ ಹಾಗಿತ್ತು.

ದಲ್ಲಾಳಿ ಕೈ ಬಿಟ್ಟು ಟವೆಲ್ಲನ್ನು ಮಡಚಿದ. “ಇವತ್ತು ವ್ಯಾಪಾರ ಬೇಡಕ್ಕ. ಇನ್ನೊಂದು ದಿನ ಬರ್ತೀನಿ. ಹಸು ಎಲ್ಲೂ ಹೋಗಲ್ಲ, ನಾನೂ ಎಲ್ಲೂ ಹೋಗಲ್ಲ.” ಹೊರಡುವಾಗ ಮೇನೇಜರ ಮುಂದೆ ಒಂದು ಗಳಿಗೆ ನಿಂತ. ಅವರ ಮುಖ ನೋಡಿ ಹೋದ.

ಮೇನೇಜರು ಆ ದಿನ ಮಾತಾಡಲಿಲ್ಲ. ಇದನ್ನು ಓದುವವರಿಗೆ ಇದು ಸಣ್ಣ ಸಂಗತಿಯೆನಿಸಬಹುದು; ನಮ್ಮ ಬೀದಿಯಲ್ಲಿ ಇಂಥ ದಿನ ಹಿಂದೆ ಬಂದದ್ದು ಯಾರಿಗೂ ನೆನಪಿರಲಿಲ್ಲ. ಸಂಜೆ ಕರೆಯುವ ಹೊತ್ತಿಗೆ ಅವರು ಇಸ್ತ್ರಿ ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿ, ಬನಿಯನ್ನಿನಲ್ಲೇ ಬಕೆಟ್ಟು ತೆಗೆದುಕೊಂಡರು.

“ನೀವೆಲ್ಲಿಗೆ ರೀ?”

“ನೀನು ಕೂತ್ಕೋ.”

ಅಷ್ಟೇ ಹೇಳಿ ಚಿಕ್ಕವಳ ಬುಡದಲ್ಲಿ ಕುಕ್ಕರಿಸಿದರು. ಚಿಕ್ಕವಳು ಮೊದಲು ಬಕೆಟ್ಟನ್ನು, ಆಮೇಲೆ ಅವರನ್ನು ಒದ್ದಳು. ಎದ್ದು ಮತ್ತೆ ಕೂತರು. ಮತ್ತೆ ಒದೆ. ಕಾಂಪೌಂಡಿನ ಆಚೆಯಿಂದ ನೋಡುತ್ತಿದ್ದ ನೆರೆಯವರು, ನಗುವುದಕ್ಕೆ ಇಂಥ ಅವಕಾಶ ಬಿಟ್ಟರೆ ಸಿಗದು ಎಂದು ಗೊತ್ತಿದ್ದೂ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಆಸ್ಪತ್ರೆಯಲ್ಲಿ ಡಾಕ್ಟರು ಬೆರಳಿಗೆ ಹತ್ತಿ ಸವರಿ, ಮಣಿಕಟ್ಟು ತಟ್ಟಿ ನೋಡಿದರು. ಅಲ್ಲಿ ನರ ಅಮುಕಿಹೋಗಿದೆ, ಕೊಯ್ದು ಸಡಿಲ ಮಾಡಬೇಕು ಎಂದರು. ಇಷ್ಟು ದಿನ ಯಾಕೆ ಬರಲಿಲ್ಲ ಎಂದರು. ಎಷ್ಟು ಸ್ಪರ್ಶ ವಾಪಸ್ಸು ಬರುತ್ತದೆ ಹೇಳಲಾಗದು, ಕೈ ಉಳಿಸಬಹುದು ಎಂದರು.

“ಕೈ ಹಾಗಿರಲಿ ಸ್ವಾಮಿ. ಹಾಲು ಕರೆಯೋಕೆ ಆಗುತ್ತಾ, ಅದು ಹೇಳಿ” ಎಂದಳು ಹಾಲಕ್ಕ.

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. “ಇನ್ನು ಕರೆಯಬಾರದಮ್ಮ.”

ಹಾಲಕ್ಕ ತಲೆಯಾಡಿಸಿದಳು, ಬೂಸಾ ಅಂಗಡಿಯಲ್ಲಿ ಇವತ್ತು ಸ್ಟಾಕಿಲ್ಲ ಎಂದಾಗ ಆಡಿಸುವ ಹಾಗೆ. ಹೊರಗೆ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದಳು. ಮೇನೇಜರು ಪಕ್ಕದಲ್ಲಿ ಅವಳ ಚೀಲ ಹಿಡಿದುಕೊಂಡು ಕೂತಿದ್ದರು.

ಮಣಿಕಟ್ಟು ಕೊಯ್ದರು. ಕೈಗೆ ದಪ್ಪನೆ ಬ್ಯಾಂಡೇಜು ಸುತ್ತಿದರು. ಆ ಹೊತ್ತಿಗೆ ದಲ್ಲಾಳಿ ಇನ್ನೊಮ್ಮೆ ಬಂದ. ಟವೆಲ್ಲು ತಂದಿದ್ದ, ಹಾಸಲಿಲ್ಲ. “ಬಾಯಲ್ಲೇ ಹೇಳಣ್ಣ” ಎಂದಳು ಹಾಲಕ್ಕ. ಜನರೆದುರು ಅಂಗಿ ಬಿಚ್ಚು ಎಂದವರ ಹಾಗೆ ಅವನು ಮುದುಡಿದ. ಆಚೀಚೆ ನೋಡಿ, ಗಂಟಲು ಸರಿಮಾಡಿಕೊಂಡು, ಅವಳ ಕಿವಿಯ ಹತ್ತಿರ ಬಂದು ಉಸುರಿದ. ಅವಳು ಒಪ್ಪಿದಳು. ಚಿಕ್ಕವಳು ಗೇಟು ದಾಟುವಾಗ ದೊಡ್ಡವಳು ಕೊಟ್ಟಿಗೆಯಲ್ಲಿ ಒಂದೇ ಸಲ ಕೂಗಿದಳು. ಫೀಸು ಕಟ್ಟಿಯಾಯಿತು, ಆಸ್ಪತ್ರೆಯದೂ ಆಯಿತು.

ಉಳಿದದ್ದು ದೊಡ್ಡವಳು ಮತ್ತು ಮೇನೇಜರು. ಇವರನ್ನು ಒಬ್ಬರಿಗೊಬ್ಬರು ಹೊಂದಿಸುವುದು ಹಾಲಕ್ಕನ ಕೆಲಸವಾಯಿತು.

“ಎಳೀಬೇಡಿ ರೀ, ಅದೇನು ಬಾವಿ ಹಗ್ಗಾನಾ? ಹಿಂಡಿ. ಮೇಲಿಂದ ಒಂದೊಂದೇ ಬೆರಳು ಮುಚ್ಕೊಂಡು ಬನ್ನಿ.”

“ನಿನಗೆ ಹೇಳೋದು ಸುಲಭ ಕಣೇ.”

“ಹೌದು ರೀ. ಈಗ ಅದೊಂದೇ ಸುಲಭ.”

ಮೇನೇಜರು ಬಾಯಿ ಮುಚ್ಚಿಕೊಂಡು ಹಿಂಡಿದರು. ಬೆರಳ ಗೆಣ್ಣುಗಳು ಬಾತವು, ಸೊಂಟ ಹಿಡಿಯಿತು. ಕೇಂದ್ರದಲ್ಲಿ ಸರದಿಯಲ್ಲಿ ನಿಂತಾಗ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಕ್ಯಾನಿನಲ್ಲಿ ಹಾಲು ಕಡಿಮೆಯಿತ್ತು, ಸೆಕ್ರೆಟರಿಗೆ ಹೇಳಲು ಅವರಲ್ಲಿ ಏನೂ ಇರಲಿಲ್ಲ. ಹಾಲಕ್ಕನ ಬೆರಳುಗಳಿಗೆ ಸ್ಪರ್ಶ ಬರಲಿಲ್ಲ. ಬರಬಹುದೆಂದು ಡಾಕ್ಟರು ಹೇಳುತ್ತಲೇ ಇದ್ದರು. ದೊಡ್ಡವಳು ಹಾಲು ಬಿಗಿಹಿಡಿದು ನಿಂತಾಗ ಹಾಲಕ್ಕ ಪಕ್ಕದಲ್ಲಿ ನಿಂತು ಅದರ ಬೆನ್ನ ಮೇಲೆ ಆ ಮರಗಟ್ಟಿದ ಕೈಯನ್ನು ಇಡುತ್ತಿದ್ದಳು. ಅವಳಿಗೆ ಹಸು ತಿಳಿಯುತ್ತಿರಲಿಲ್ಲ. ಹಸುವಿಗೆ ತಿಳಿಯುತ್ತಿತ್ತೆಂದು ತೋರುತ್ತದೆ, ಹಾಲು ಇಳಿಯುತ್ತಿತ್ತು.

ಮಗಳ ಫೋನು ಬಂದಾಗಲೆಲ್ಲ ಮಾತಾಡುತ್ತಿದ್ದವರು ಮೇನೇಜರು. ಊರಿನ ಸುದ್ದಿ, ಹವೆ, ಹಿಂಡಿ ರೇಟು, ಸೆಕ್ರೆಟರಿಯ ಹೊಸ ಕನ್ನಡಕ, ಎಲ್ಲ ಹೇಳುತ್ತಿದ್ದರು. ಹೇಳಬಾರದ್ದನ್ನು ಹೇಳುತ್ತಿರಲಿಲ್ಲ. ಯಾವ ಗುಟ್ಟೂ ಹೊತ್ತಾರೆಯಿಂದ ಮಧ್ಯಾಹ್ನದವರೆಗೆ ಉಳಿಯದ ಬಾಯಿ ಅದು.

ಪರೀಕ್ಷೆಗೆ ಸ್ವಲ್ಪ ದಿನ ಇರುವಾಗ ಒಂದು ಸಂಜೆ ಕರೆಯುವ ಹೊತ್ತಿಗೇ ಫೋನು ಬಂತು. ಮೇನೇಜರ ಎರಡೂ ಕೈ ಕೆಚ್ಚಲಿನಲ್ಲಿದ್ದವು. ಹಾಲಕ್ಕ ಫೋನನ್ನು ಎಡಗೈಯಲ್ಲಿ ಅವರ ಕಿವಿಯ ಹತ್ತಿರ ಹಿಡಿದಳು.

“ಅಪ್ಪಾ, ಅಮ್ಮ ಎಲ್ಲಿ?”

“ಹಾಲು ಕರೀತಿದ್ದಾಳಮ್ಮ. ಸದ್ದು ಕೇಳಿಸ್ತಿಲ್ವಾ?” ಎಂದು ಮೇನೇಜರು ಬಕೆಟ್ಟಿನೊಳಕ್ಕೆ ಇನ್ನೂ ಜೋರಾಗಿ ಹಿಂಡಿದರು.

ಕೊಟ್ಟಿಗೆಯ ಗೋಡೆಗೆ ತಲೆಯಿಟ್ಟು ಮಲಗಿ ಬೆಳೆದ ಹುಡುಗಿ ಅದು. ಅಮ್ಮ ಹಿಂಡಿದರೆ ಹಾಲು ಬಕೆಟ್ಟಿಗೆ ಬೀಳುವ ಸದ್ದು ಹೊಲಿಗೆ ಮಷೀನಿನ ಹಾಗೆ, ಎಡ ಬಲ, ಎಡ ಬಲ, ತಪ್ಪದೆ ಬರುತ್ತಿತ್ತು. ಇದು ಎಡವುತ್ತಿತ್ತು.

“ಅಪ್ಪಾ, ಇದು ಅಮ್ಮ ಅಲ್ಲ” ಎಂದಳು. “ಅಮ್ಮನ ಕೈಗೆ ಏನಾಯ್ತು?”

ಮೇನೇಜರು ಹೆಂಡತಿಯ ಮುಖ ನೋಡಿದರು. ಹಾಲಕ್ಕ ಫೋನನ್ನು ತನ್ನ ಕಿವಿಗೆ ತಂದುಕೊಂಡಳು.

“ನಿಮ್ಮಪ್ಪ ಕಣೇ. ಕಲೀತಿದ್ದಾರೆ, ಇನ್ನೂ ಸರಿಯಾಗಿ ಬರಲ್ಲ.”

“ಅಮ್ಮಾ, ನಾನು ನಾಳೆ ಬಸ್ಸಿಗೆ—”

“ನಾಳೆ ಬಂದ್ರೆ ಬಾಗಿಲು ತೆಗೆಯಲ್ಲ. ಪರೀಕ್ಷೆ ಮುಗಿಸ್ಕೊಂಡು ಬಾ. ಕೈ ಆಮೇಲೆ ನೋಡುವೆಯಂತೆ. ನರ್ಸಮ್ಮ ಆಗಿ ಬಂದು ನೋಡು, ಆಗ ನಿನ್ನ ಮಾತು ನಾನು ಕೇಳ್ತೀನಿ.”

ಆ ಕಡೆ ಅಳು ಕೇಳಿಸಿತು. ಹಾಲಕ್ಕ ಕಾದಳು. ಬಹಳ ಹೊತ್ತಾದ ಮೇಲೆ ಮಗಳು, “ಸರಿ, ಮುಗಿಸ್ಕೊಂಡೇ ಬರ್ತೀನಿ. ಫೋನ್ ಇಡ್ಬೇಡಮ್ಮ” ಎಂದಳು.

ಹಾಲಕ್ಕ ಇಡಲಿಲ್ಲ. ಫೋನನ್ನು ಬಕೆಟ್ಟಿನ ಕಡೆಗೆ ಚಾಚಿ ಹಿಡಿದು ನಿಂತಳು. ಮೇನೇಜರು ತಲೆ ತಗ್ಗಿಸಿ, ತಪ್ಪು ತಪ್ಪಾಗಿಯೇ, ಕೊನೆಯ ಹನಿಯವರೆಗೂ ಹಿಂಡಿದರು.